ಬೆನ್ನು ತಿರುಗಿಸಿದ ಪ್ರೇಕ್ಷಕ: ಸಿನ್ಯಾಕ್ ರೂಪಿಸಿದ ರಂಗಪತ್ರಿಕೆ

ಪ್ಯಾರಿಸ್ಸಿನ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತನಾಗಿದ್ದ ಆಂದ್ರೆ ಆಂತ್ವಾನ್ 1887ರ ಮಾರ್ಚ್‌ನಲ್ಲಿ ಮೋಂಮಾರ್ತ್ರ್ ಬಡಾವಣೆಯ ಒಂದು ಪುಟ್ಟ ಸಭಾಂಗಣದಲ್ಲಿ 'ತೆಆತ್ರ್ ಲಿಬ್ರ್', ಅಂದರೆ 'ಸ್ವತಂತ್ರ ರಂಗಭೂಮಿ', ಎಂಬ ಸಂಸ್ಥೆಯನ್ನು ಆರಂಭಿಸಿದನು. ಸಾರ್ವಜನಿಕವಾಗಿ ಟಿಕೆಟ್ ಮಾರದೆ ಚಂದಾದಾರರಿಗೆ ಮಾತ್ರ ಪ್ರದರ್ಶನ ನೀಡುವ ಪದ್ಧತಿಯನ್ನು ಅನುಸರಿಸಿದ್ದರಿಂದ ಅದು ಸರ್ಕಾರದ ನಾಟಕ ಸೆನ್ಸಾರ್‌ನ ಕೈಗೆ ಸಿಗದೆ ಉಳಿಯಿತು, ಮತ್ತು ಅದೇ ಕಾರಣದಿಂದ ಬೀದಿಯ ಜನರನ್ನು ಕೂಗಿ ಕರೆಯುವ ಜಾಹೀರಾತಿನ ಹಂಗು ಅದರ ಮುದ್ರಿತ ಸಾಮಗ್ರಿಗೂ ಇರಲಿಲ್ಲ. ಪಾತ್ರವರ್ಗದ ವಿವರವನ್ನು ಒಳಗೊಂಡು ಪ್ರೇಕ್ಷಕರ ಕೈಸೇರುತ್ತಿದ್ದ ಕಾರ್ಯಕ್ರಮ ಪತ್ರಿಕೆಯು ಹೀಗೆ ತರುಣ ಕಲಾವಿದರ ಪ್ರಯೋಗಕ್ಕೆ ತೆರೆದುಕೊಂಡಿತು. ಆನ್ರಿ ರಿವಿಯೆರ್, ವ್ಯುಯಾರ್, ತುಲೂಸ್-ಲೊತ್ರೆಕ್ ಮೊದಲಾದವರು ಈ ರಂಗಭೂಮಿಗಾಗಿ ಪತ್ರಿಕೆಗಳನ್ನು ರಚಿಸಿದರು. ಇವುಗಳಲ್ಲಿ ಎಲ್ಲಕ್ಕಿಂತ ದಿಟ್ಟವಾದುದು 1889ರ ಜನವರಿ 31ರ ಪ್ರದರ್ಶನದ ಪತ್ರಿಕೆ. ಅದನ್ನು ರಚಿಸಿದ ಪಾಲ್ ಸಿನ್ಯಾಕ್‌ಗೆ ಆಗ ಇಪ್ಪತ್ತೈದು ವರ್ಷ.

ಇದು ಬಣ್ಣದ ಕಲ್ಲಚ್ಚು. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೇವಗೊಳಿಸಿ ಶಾಯಿ ಸವರಿದರೆ, ಜಿಡ್ಡಿರುವ ಕಡೆ ಮಾತ್ರ ಶಾಯಿ ನಿಂತು ಕಾಗದಕ್ಕೆ ಇಳಿಯುತ್ತದೆ. ಬಣ್ಣಗಳು ಹೆಚ್ಚಿದಂತೆ ಅವನ್ನು ಒಂದರ ಮೇಲೊಂದು ಹೊಂದಿಸಿ ಅಚ್ಚೊತ್ತುವ ಕೆಲಸವೂ ಕಠಿಣವಾಗುತ್ತದೆ. ಈ ಪುಟ್ಟ ಚಿತ್ರದಲ್ಲಿ ರಂಗಭೂಮಿಯ ಹೆಸರಿನ ಆದ್ಯಕ್ಷರಗಳಾದ 'ಟಿ' ಮತ್ತು 'ಎಲ್' ಚುಕ್ಕಿಗಳಿಂದಲೇ ರೂಪುಗೊಂಡಿವೆ, ಮತ್ತು ಅವುಗಳ ವರ್ಣ ಒಂದೇ ಆಗಿರದೆ ಪಕ್ಕದ ಬಣ್ಣಕ್ಕೆ ಪ್ರತಿಯಾಗಿ ಬದಲಾಗುತ್ತ ಸಾಗುತ್ತದೆ. ಅಕ್ಷರಗಳ ಜೊತೆಗಿರುವ ವೃತ್ತದೊಳಗೆ ರಂಗದ ಬೆಳಕನ್ನು ದಿಟ್ಟಿಸುತ್ತಿರುವ ಪ್ರೇಕ್ಷಕನೊಬ್ಬನ ತಲೆಯ ಹಿಂಬದಿ ಕಾಣುತ್ತದೆ. ನಟರಿಲ್ಲ, ಕಥೆಯ ಸನ್ನಿವೇಶವಿಲ್ಲ. ಕೆಳಗೆ, ಇದು ಶ್ರೀ ಶಾರ್ಲ್ ಆನ್ರಿಯವರ ವರ್ಣಚಕ್ರದ ಅನ್ವಯ ಎಂಬ ಒಕ್ಕಣೆ ಇದೆ.

ಗಣಿತ ಮತ್ತು ಸೌಂದರ್ಯಶಾಸ್ತ್ರಗಳೆರಡರಲ್ಲೂ ತೊಡಗಿದ್ದ ವಿದ್ವಾಂಸ ಶಾರ್ಲ್ ಆನ್ರಿ, ಬಣ್ಣಗಳೂ ರೇಖೆಗಳ ದಿಕ್ಕುಗಳೂ ನೋಡುವವನ ಚೈತನ್ಯವನ್ನು ಹೆಚ್ಚಿಸುತ್ತವೆ ಅಥವಾ ಕುಗ್ಗಿಸುತ್ತವೆ ಎಂದು ವಾದಿಸಿ, ಆ ಸಂಬಂಧಗಳನ್ನು ಅಳೆಯುವ ಸಾಧನವಾಗಿ ವರ್ಣಚಕ್ರವೊಂದನ್ನು ರೂಪಿಸಿದ್ದನು. ಸರಾ ಎಂಬ ಕಲಾವಿದನೊಡನೆ ಚುಕ್ಕಿಶೈಲಿಯನ್ನು, ಅಂದರೆ ಬಣ್ಣಗಳನ್ನು ಕಲಸದೆ ಬಿಡಿ ಚುಕ್ಕಿಗಳಾಗಿ ಇಟ್ಟು ನೋಡುವವನ ಕಣ್ಣಿನಲ್ಲೇ ಬೆರೆಯುವಂತೆ ಮಾಡುವ ಕ್ರಮವನ್ನು, ಬೆಳೆಸುತ್ತಿದ್ದ ಸಿನ್ಯಾಕ್‌ಗೆ ಇದರಲ್ಲಿ ತನ್ನ ಕಲೆಗೆ ಬೇಕಾದ ಶಾಸ್ತ್ರಾಧಾರ ಕಂಡಿತು. ಆನ್ರಿಯ ಸಿದ್ಧಾಂತ ವಿಜ್ಞಾನವಾಗಿ ನಿಲ್ಲಲಿಲ್ಲವಾದರೂ ಚಿತ್ರದ ಸೊಗಸು ಅದರಿಂದ ಕುಂದಿಲ್ಲ, ಏಕೆಂದರೆ ಕಿತ್ತಳೆಯ ಪಕ್ಕದಲ್ಲಿ ನೀಲಿ ಇನ್ನಷ್ಟು ನೀಲಿಯಾಗುವುದು ಯಾರ ಕಣ್ಣಿಗಾದರೂ ಕಾಣುವ ಸಂಗತಿ.

ಈ ಚಿತ್ರಕ್ಕೂ ಅಂದು ಆಡಿದ ನಾಟಕಗಳಿಗೂ ಸಂಬಂಧವಿಲ್ಲವೆಂದು ಇದನ್ನು ಬರಿಯ ಅಲಂಕಾರವೆಂದು ಬದಿಗಿಡುವುದು ಸರಿಯಲ್ಲ. ವೇದಿಕೆಯ ಮೇಲೆ ನಿಜವಾದ ಮಾಂಸದ ತುಂಡುಗಳನ್ನೇ ತೂಗುಹಾಕಿಸಿದ ಆಂತ್ವಾನ್‌ನ ವಾಸ್ತವವಾದಕ್ಕೂ ಸಿನ್ಯಾಕ್‌ನ ಲೆಕ್ಕಾಚಾರದ ಚುಕ್ಕಿಗಳಿಗೂ ಮೇಲುನೋಟಕ್ಕೆ ಹೊಂದಿಕೆ ಕಾಣದು, ನಿಜ. ಆದರೆ ರಂಗದ ಮುಂಬದಿಯಲ್ಲಿ ಕಾಣದ ಗೋಡೆಯೊಂದು ಇದೆಯೆಂಬಂತೆ ನಟಿಸುತ್ತ, ಅಗತ್ಯಬಿದ್ದಾಗ ಸಭಿಕರಿಗೆ ಬೆನ್ನು ತಿರುಗಿಸಿಯೇ ಮಾತನಾಡುತ್ತಿದ್ದ ಆಂತ್ವಾನ್, ನಟನ ಗತ್ತಿನಿಂದ ಬಿಡಿಸಿ ಪ್ರೇಕ್ಷಕನ ನೋಟವನ್ನು ರಂಗದ ಬದುಕಿನ ಕಡೆಗೆ ತಿರುಗಿಸಿದನು. ಸಿನ್ಯಾಕ್ ಆ ನೋಟವನ್ನೇ ಚಿತ್ರದ ವಸ್ತುವಾಗಿಸಿ, ಪತ್ರಿಕೆ ಹಿಡಿದವನಿಗೆ ತನ್ನಂತೆಯೇ ಕುಳಿತಿರುವ ಇನ್ನೊಬ್ಬನ ಬೆನ್ನನ್ನು ತೋರಿಸಿದನು. ನಾಟಕದ ಹೆಸರು ಹೇಳಿ ಮುಗಿಸಬಹುದಾಗಿದ್ದ ಹಾಳೆಯೊಂದು ನೋಡುವ ಕ್ರಿಯೆಯ ಕುರಿತೇ ಚಿಂತಿಸುವಂತಾದುದು ಇಲ್ಲಿನ ದೊಡ್ಡ ಸಾಧನೆ.

1893ರಲ್ಲಿ ಲುನ್ಯೆ-ಪೋ ಸ್ಥಾಪಿಸಿದ 'ತೆಆತ್ರ್ ದ ಲವ್ರ್' ರಂಗಸಂಸ್ಥೆಯು ಕಲಾವಿದರಿಂದ ಕಾರ್ಯಕ್ರಮ ಪತ್ರಿಕೆ ಮಾಡಿಸುವ ಈ ಪರಂಪರೆಯನ್ನು ಮುಂದುವರಿಸಿತು. 1895ರಲ್ಲಿ ಅದು ಶೂದ್ರಕನ 'ಮೃಚ್ಛಕಟಿಕ'ದ ಫ್ರೆಂಚ್ ರೂಪಾಂತರವನ್ನು ಆಡಿದಾಗ ಅದಕ್ಕೆ ಕಲ್ಲಚ್ಚಿನ ಕಾರ್ಯಕ್ರಮ ಪತ್ರಿಕೆಯನ್ನು ರಚಿಸಿದವನು ತುಲೂಸ್-ಲೊತ್ರೆಕ್.