ಮತ ಬದಲಾದರೆ ಶಾಸ್ತ್ರವೂ ಬದಲಾಗುವುದೇ?

ಧರ್ಮಶಾಸ್ತ್ರವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಮನು, ಯಾಜ್ಞವಲ್ಕ್ಯರ ಹೆಸರು ನೆನಪಾಗುವುದು ಸಹಜ. ಆದರೆ ಕನ್ನಡ ಬೈಬಲ್ಲನ್ನು ತೆರೆದು ನೋಡಿದವರಿಗೆ ಅಲ್ಲಿಯೂ ಇದೇ ಶಬ್ದ ಮೇಲಿಂದ ಮೇಲೆ ಸಿಕ್ಕುತ್ತದೆ. ಮೋಶೆಯು ಸೀನಾಯಿ ಬೆಟ್ಟದ ಮೇಲೆ ದೇವರಿಂದ ಪಡೆದನೆಂದು ಯೆಹೂದ್ಯರು ನಂಬುವ ಕಟ್ಟಳೆಗಳಿಗೆ ಕನ್ನಡ ಅನುವಾದಕರು ಕೊಟ್ಟ ಹೆಸರು ಧರ್ಮಶಾಸ್ತ್ರವೆಂದೇ. ಈ ಒಂದು ಶಬ್ದದ ಎಳೆಯನ್ನು ಹಿಡಿದು, ಪ್ರಾಚೀನ ಶಾಸ್ತ್ರವು ಕ್ರೈಸ್ತನನ್ನು ಇನ್ನೂ ಕಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬಯಸುತ್ತೇನೆ. ಈ ಪ್ರಶ್ನೆ ಮೊದಲು ಯೆರೂಸಲೇಮಿನಲ್ಲಿ ಎದ್ದಿತು. ಸುಮಾರು ಸಾವಿರದ ಎಂಟುನೂರು ವರ್ಷಗಳ ಮೇಲೆ, ಬೇರೊಂದು ವೇಷದಲ್ಲಿ, ನಮ್ಮ ಬಳ್ಳಾರಿಯಲ್ಲಿಯೂ ಎದ್ದಿತು.

ಮೊದಲು ಯೆರೂಸಲೇಮಿನ ಮಾತು. ಯೇಸುವೂ ಅವನ ಮೊದಲ ಶಿಷ್ಯರೂ ಯೆಹೂದ್ಯರು. ಸುನ್ನತಿ, ಸಬ್ಬತ್ತು, ಆಹಾರದ ವಿಧಿನಿಷೇಧ ಇವೆಲ್ಲ ಅವರಿಗೆ ಹುಟ್ಟಿನಿಂದ ಬಂದವು. ಮೋಶೆಯ ಶಾಸ್ತ್ರದಲ್ಲಿ 613 ಆಜ್ಞೆಗಳಿವೆಯೆಂದು ಯೆಹೂದ್ಯ ಪಂಡಿತರ ಸಾಂಪ್ರದಾಯಿಕ ಎಣಿಕೆ. ಅಂತಿಯೋಕ್ಯದಂಥ ಪಟ್ಟಣಗಳಲ್ಲಿ ಅನ್ಯಜನರು ಹೊಸ ಮಾರ್ಗಕ್ಕೆ ಬರತೊಡಗಿದಾಗ ತೊಡಕು ಹುಟ್ಟಿತು: ಇವರು ಮೊದಲು ಸುನ್ನತಿ ಮಾಡಿಸಿಕೊಂಡು ಮೋಶೆಯ ಶಾಸ್ತ್ರವನ್ನೆಲ್ಲ ಹೊರಬೇಕೇ? ಕ್ರಿ. ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಹಿರಿಯರ ಸಭೆ ಕೂಡಿತು. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಇದರ ವರದಿ ಇದೆ. ನಾವಾಗಲಿ ನಮ್ಮ ಪಿತೃಗಳಾಗಲಿ ಹೊರಲಾರದ ನೊಗವನ್ನು ಇವರ ಹೆಗಲಿಗೇಕೆ ಹೇರಬೇಕು ಎಂಬುದು ಪೇತ್ರನ ವಾದ. ಕೊನೆಗೆ ಸಭೆಯು ಸುನ್ನತಿಯನ್ನು ಕಡ್ಡಾಯ ಮಾಡಲಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥ, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಈ ನಾಲ್ಕನ್ನು ವರ್ಜಿಸಿರೆಂದಷ್ಟೇ ಹೇಳಿಕಳಿಸಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸುನ್ನತಿಯ ಕಡ್ಡಾಯವನ್ನು ಎಲ್ಲರಿಗಿಂತ ಬಲವಾಗಿ ವಿರೋಧಿಸಿದವನು ಪೌಲ. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಲು ಅವನು ಒಪ್ಪಲಿಲ್ಲ. ಆದರೆ ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನಿಗೆ ಅವನೇ ಸುನ್ನತಿ ಮಾಡಿಸಿದನು. ಹಳೆಯ ಆಚಾರವನ್ನು ಇಟ್ಟುಕೊಳ್ಳಬಹುದು, ಮುಕ್ತಿಗೆ ಅದೇ ಷರತ್ತೆಂದು ಇತರರ ಮೇಲೆ ಹೇರಕೂಡದು ಎಂಬುದು ಇದರ ತಾತ್ಪರ್ಯವೆಂದು ನನಗೆ ತೋರುತ್ತದೆ.

ಹಾಗಾದರೆ ಶಾಸ್ತ್ರವೆಲ್ಲವೂ ರದ್ದಾಯಿತೇ? ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಕೈಬಿಡಬೇಕೆಂದನು. ಸಭೆಯು ಅವನನ್ನೇ ಕೈಬಿಟ್ಟಿತು. ಶಾಸ್ತ್ರವನ್ನು ಅಳಿಸಲು ಬಂದಿಲ್ಲ, ನೆರವೇರಿಸಲು ಬಂದಿದ್ದೇನೆಂಬ ಅರ್ಥದ ಯೇಸುವಿನ ಮಾತು ಮತ್ತಾಯನ ಸುವಾರ್ತೆಯಲ್ಲಿ ಇದೆಯಷ್ಟೆ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಈ ತೊಡಕನ್ನು ಬಿಡಿಸಲು ಮೋಶೆಯ ಶಾಸ್ತ್ರವನ್ನು ನೀತಿ, ಪೂಜಾವಿಧಿ, ನ್ಯಾಯವ್ಯವಹಾರ ಎಂದು ಮೂರಾಗಿ ವಿಂಗಡಿಸಿದನು. ಕೊಲ್ಲಬೇಡ, ಕದಿಯಬೇಡ ಮೊದಲಾದ ನೀತಿ ಎಲ್ಲ ಕಾಲಕ್ಕೂ ನಿಲ್ಲುತ್ತದೆ. ಬಲಿ, ಮಡಿ, ಆಹಾರದ ವಿಧಿಗಳು ಕ್ರಿಸ್ತನಲ್ಲಿ ಮುಗಿದವು. ಇಸ್ರಾಯೇಲ್ ರಾಜ್ಯದ ವ್ಯವಹಾರ ನಿಯಮಗಳು ಆ ರಾಜ್ಯದೊಡನೆ ಹೋದವು. ಕ್ರೈಸ್ತರಲ್ಲಿ ಹೆಚ್ಚಿನ ಪಂಗಡಗಳು ಇಂದಿಗೂ ಹಿಡಿದಿರುವ ದಾರಿ ಬಹುಮಟ್ಟಿಗೆ ಇದೇ. ಆದರೂ ಇಥಿಯೋಪಿಯದ ಪುರಾತನ ಸಭೆಯಲ್ಲಿ ಸುನ್ನತಿಯ ರೂಢಿ ಉಳಿದಿದೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಶನಿವಾರವನ್ನೇ ಸಬ್ಬತ್ತೆಂದು ಆಚರಿಸಿ ಹಂದಿಯ ಮಾಂಸವನ್ನು ವರ್ಜಿಸುತ್ತಾರೆ.

ಈ ವಿಂಗಡಣೆ ನಮಗೆ ತೀರ ಅಪರಿಚಿತವಲ್ಲ. ಯಾಜ್ಞವಲ್ಕ್ಯಸ್ಮೃತಿಯೂ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಅಧ್ಯಾಯಗಳಲ್ಲಿ ಹರಡಿದೆ. ಅದಕ್ಕೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ನಮ್ಮ ಯಮಕನಮರಡಿಯ ಕಡೆ ಅಣ್ಣತಮ್ಮಂದಿರು ವಾಟ್ನಿಗೆ ಕುಳಿತಾಗ, ಹಿರಿಯರ ಹೊಲದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲೆಂಬ ಮಾತು ಬಂದೇ ಬರುತ್ತದೆ. ಆಡುವವರು ಮಿತಾಕ್ಷರವನ್ನು ಕಂಡವರಲ್ಲ. ಆದರೆ ಆಡುವ ಮಾತು ವಿಜ್ಞಾನೇಶ್ವರನದು. ಶಾಸ್ತ್ರವು ಗ್ರಂಥದಿಂದಿಳಿದು ರೂಢಿಯಾಗುವ ಬಗೆ ಇದು.

ಹೀಗಿರುವಾಗ ಕುಟುಂಬವೊಂದು ಕ್ರೈಸ್ತವಾದರೆ ಈ ರೂಢಿಯ ಗತಿಯೇನು? ಬಳ್ಳಾರಿಯ ವ್ಯಾಜ್ಯ ಇದನ್ನೇ ಕೇಳಿತು. ಮ್ಯಾಥ್ಯೂ ಅಬ್ರಹಾಂ ದೇಶೀಯ ಕ್ರೈಸ್ತ ಮನೆತನದವರು. ಬಡತನದಿಂದ ಮೇಲೆ ಬಂದು ಬಳ್ಳಾರಿಯಲ್ಲಿ ವ್ಯಾಪಾರ ಮತ್ತು ಅಬಕಾರಿ ಗುತ್ತಿಗೆಗಳಿಂದ ದೊಡ್ಡ ಆಸ್ತಿ ಗಳಿಸಿದರು. ಉಡುಗೆ ತೊಡುಗೆಯಲ್ಲಿ ಆಂಗ್ಲರ ರೀತಿಯನ್ನು ಅನುಸರಿಸಿ, ಐರೋಪ್ಯ ಮೂಲದ ಶಾರ್ಲೆಟ್ ಫಾಕ್ಸ್ ಅವರನ್ನು ಮದುವೆಯಾದರು. 1842ರಲ್ಲಿ ಅವರು ಮರಣಪತ್ರ ಬರೆಯದೆ ತೀರಿಕೊಂಡರು. ವ್ಯಾಪಾರದಲ್ಲಿ ಜೊತೆಗಿದ್ದ ತಮ್ಮ ಫ್ರಾನ್ಸಿಸ್, ನಮ್ಮದು ಹಿಂದೂ ಶಾಸ್ತ್ರದಂತೆ ಅವಿಭಕ್ತ ಕುಟುಂಬವೆಂದು ವಾದಿಸಿದರು. ವಿಧವೆ ಶಾರ್ಲೆಟ್ ಅದನ್ನು ಒಪ್ಪಲಿಲ್ಲ. ವ್ಯಾಜ್ಯವು ಬಳ್ಳಾರಿಯಿಂದ ಮದರಾಸಿಗೆ, ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. 1863ರಲ್ಲಿ ತೀರ್ಪು ಬಂದಿತು.

ಮತಾಂತರದೊಡನೆ ಹಿಂದೂ ಶಾಸ್ತ್ರದ ಕಡ್ಡಾಯ ಮುಗಿಯುತ್ತದೆ. ಆದರೆ ಕ್ರೈಸ್ತನಾದವನು ಹಳೆಯ ಮತವನ್ನು ಬಿಟ್ಟಂತೆ ಹಳೆಯ ಕಾನೂನನ್ನೂ ಬಿಡಬಹುದು, ಮನಸ್ಸಿದ್ದರೆ ಇಟ್ಟುಕೊಳ್ಳಲೂಬಹುದು. ಯಾವುದನ್ನು ಆರಿಸಿದನೆಂಬುದನ್ನು ಅವನ ನಡೆನುಡಿಗಳಿಂದ ತಿಳಿಯಬೇಕು ಎಂಬುದು ತೀರ್ಪಿನ ಸಾರ. ಅಬ್ರಹಾಂ ಮನೆತನಕ್ಕೆ ಅವಿಭಕ್ತ ಕುಟುಂಬದ ನಿಯಮ ಅನ್ವಯಿಸದೆಂದು ನಿರ್ಣಯವಾಯಿತು. ಪೌಲನು ತೀತ ತಿಮೊಥೆಯರ ವಿಷಯದಲ್ಲಿ ನಡೆದುಕೊಂಡ ರೀತಿಗೂ ಈ ತೀರ್ಪಿಗೂ ಇರುವ ಹೋಲಿಕೆಯನ್ನು ವಾಚಕರು ತಾವೇ ಕಾಣಬಹುದು.

ಆದರೆ ನನಗೊಂದು ಸಂದೇಹವುಂಟು. ಆರಿಸಿಕೊಳ್ಳುವವರು ಯಾರು? ಮನೆಯ ಯಜಮಾನನ ನಡತೆಯೇ ಪ್ರಮಾಣವಾದರೆ, ವಿಧವೆ ಮತ್ತು ಹೆಣ್ಣುಮಕ್ಕಳು ತಾವು ಆರಿಸದ ಶಾಸ್ತ್ರಕ್ಕೆ ಒಳಪಡಬೇಕಾಗುತ್ತದೆ. ಮುಂದೆ 1865ರಲ್ಲಿ ಬಂದ ಭಾರತೀಯ ಉತ್ತರಾಧಿಕಾರ ಕಾಯಿದೆ ಈ ಆಯ್ಕೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಮರಣಪತ್ರವಿಲ್ಲದೆ, ಮಕ್ಕಳನ್ನು ಬಿಟ್ಟು ಸತ್ತವನ ಆಸ್ತಿಯಲ್ಲಿ ಮೂರರಲ್ಲೊಂದು ಪಾಲು ವಿಧವೆಗೆ. ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮನಾಗಿ. ಎಲ್ಲೆಡೆಯೂ ಹೀಗಾಗಲಿಲ್ಲ. ತಿರುವಾಂಕೂರಿನ ಕ್ರೈಸ್ತರಿಗೆ 1916ರಲ್ಲಿ ಬೇರೆ ಕಾಯಿದೆಯಾಗಿ, ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು ಮಾತ್ರ ದಕ್ಕುತ್ತಿತ್ತು. ಮೇರಿ ರಾಯ್ ಎಂಬ ಮಹಿಳೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋರಾಡಿ, 1986ರಲ್ಲಿ ಸಮಪಾಲಿನ ಹಕ್ಕನ್ನು ಪಡೆದರು. ಮಿತಾಕ್ಷರವೂ ಇದ್ದಂತೆಯೇ ಉಳಿಯಲಿಲ್ಲ. ಕರ್ನಾಟಕದ 1994ರ ಮತ್ತು ಕೇಂದ್ರದ 2005ರ ತಿದ್ದುಪಡಿಗಳಿಂದ ಅವಿಭಕ್ತ ಕುಟುಂಬದಲ್ಲಿ ಮಗಳೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳಾದಳು.

ಮೋಶೆಯ ಶಾಸ್ತ್ರದಲ್ಲಿಯೂ ಇಂಥದೊಂದು ಪ್ರಸಂಗವಿದೆ. ಗಂಡುಮಕ್ಕಳಿಲ್ಲದೆ ಸತ್ತವನೊಬ್ಬನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ತಂದೆಯ ಸ್ವಾಸ್ತ್ಯ ತಮಗೇಕೆ ಬರಬಾರದೆಂದು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ದೇವರೇ ಹೇಳಿದನೆಂದೂ, ಅಂದಿನಿಂದ ಅದೇ ವಿಧಿಯಾಯಿತೆಂದೂ ಅರಣ್ಯಕಾಂಡ ತಿಳಿಸುತ್ತದೆ. ಎಂದರೆ, ಶಾಸ್ತ್ರವೇ ತನ್ನೊಳಗೆ ತಿದ್ದುಪಡಿಗೆ ಎಡೆಮಾಡಿಕೊಟ್ಟಿದೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಹಳೆಯ ಶಾಸ್ತ್ರ ಅನ್ವಯಿಸುತ್ತದೆಯೇ ಎಂಬುದಕ್ಕೆ ಹೌದು, ಅಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ನೀತಿ ನಿಲ್ಲುತ್ತದೆ, ಆಚಾರ ಅವರವರ ಮನಸ್ಸಾಕ್ಷಿಗೆ ಸೇರುತ್ತದೆ, ವ್ಯವಹಾರ ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಯಾವುದು ಯಾವ ಗುಂಪಿಗೆ ಸೇರುತ್ತದೆಂಬ ಚರ್ಚೆ ಮುಂದೆಯೂ ನಡೆದೀತು. ಆಗ ಪೇತ್ರನು ಎತ್ತಿದ ನೊಗದ ಮಾತನ್ನು ನೆನೆಯುವುದು ಒಳಿತು. ನೊಗ ಹೂಡುವ ಮೊದಲು ಎತ್ತಿನ ಹೆಗಲನ್ನು ಮುಟ್ಟಿ ನೋಡುವುದು ನಮ್ಮ ಒಕ್ಕಲುತನದ ವಿವೇಕ. ಶಾಸ್ತ್ರವನ್ನು ಹೇಳುವವರಿಗೂ, ಅವರು ಯಾವ ಮತದವರೇ ಆಗಿರಲಿ, ಆ ವಿವೇಕ ಬೇಕು.