ದಡ್ಡಿಯ ಮತ, ಚಿಕ್ಕೋಡಿಯ ಲೆಕ್ಕ

‘ಬೆಳಗಾವಿ ಉತ್ತರ’ ಅಂದರೆ ಇವತ್ತು ನಗರದೊಳಗಿನ ವಿಧಾನಸಭಾ ಕ್ಷೇತ್ರ. 1952ರಲ್ಲಿ ಇದೇ ಹೆಸರಿನ ಲೋಕಸಭಾ ಕ್ಷೇತ್ರವೊಂದಿತ್ತು. ಜಿಲ್ಲೆ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ಉತ್ತರ, ದಕ್ಷಿಣ ಎಂದು ಎರಡು ಸ್ಥಾನ. ಉತ್ತರದಿಂದ ಬಿ.ಎನ್. ದಾತಾರ, ದಕ್ಷಿಣದಿಂದ ಶಂಕರಗೌಡ ವೀರನಗೌಡ ಪಾಟೀಲ ಗೆದ್ದರು, ಇಬ್ಬರೂ ಕಾಂಗ್ರೆಸ್ಸಿಗರು. ಮುಂದಿನ ಸಾರ್ವತ್ರಿಕ ಚುನಾವಣೆಗೆ ಎರಡೂ ಹೆಸರು ಇರಲಿಲ್ಲ. ಪಕ್ಕದ ಧಾರವಾಡ ಉತ್ತರ, ಧಾರವಾಡ ದಕ್ಷಿಣಗಳೋ 2008ರ ತನಕ ಬಾಳಿದವು.

ದಾತಾರರು ದಿಲ್ಲಿಯಲ್ಲಿ ಗೃಹ ಇಲಾಖೆಯ ಸಚಿವರಾಗಿ ಗೋವಿಂದ ವಲ್ಲಭ ಪಂತರ ಜೊತೆಗಿದ್ದರು. ರಾಜ್ಯ ಪುನರ್ವಿಂಗಡಣೆ ಮಸೂದೆ ಸಂಸತ್ತಿಗೆ ಬಂದದ್ದು ಅದೇ ಇಲಾಖೆಯಿಂದ. ತಾವು ಗೆದ್ದುಬಂದ ಜಿಲ್ಲೆಯನ್ನು ಬೇರೆ ರಾಜ್ಯಕ್ಕೆ ಸೇರಿಸುವ ಕಾಗದ ಅವರ ಇಲಾಖೆಯಲ್ಲೇ ತಯಾರಾಯಿತು ಅನ್ನಿ. ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರಿಗೆ ಸೇರತಕ್ಕದ್ದು ಎಂದಿತು ಕಾಯ್ದೆ. 1956ರ ನವೆಂಬರ್ 1ರಿಂದ ಹುಕ್ಕೇರಿ ತಾಲ್ಲೂಕಿನ ದಡ್ಡಿಗೆ ಪಡುವಣ ನೆರೆಯ ಚಂದಗಡದವರು ಬೇರೆ ರಾಜ್ಯದವರಾದರು. ಆದರೂ ಮೋಹನಗಾ-ದಡ್ಡಿಯ ಭಾವೇಶ್ವರಿ ಜಾತ್ರೆಗೆ ಎರಡೂ ಕಡೆಯಿಂದ ಭಕ್ತರು ಬರುತ್ತಾರೆ. ಜಾತ್ರೆ ಮುಗಿಸಿ ಮನೆಗೆ ಹೋದ ಮೇಲೆ ಒಬ್ಬರು ಕೊಲ್ಹಾಪುರದ ಸಂಸದನನ್ನು ಆರಿಸಿದರೆ ಇನ್ನೊಬ್ಬರು ಚಿಕ್ಕೋಡಿಯವನನ್ನು ಆರಿಸುತ್ತಾರೆ.

1957ರಲ್ಲಿ ಜಿಲ್ಲೆಗೆ ಬಂದ ಹೊಸ ಜೋಡಿ ಬೆಳಗಾವಿ ಮತ್ತು ಚಿಕ್ಕೋಡಿ. ದಾತಾರರು ಬೆಳಗಾವಿಯಿಂದ ಮತ್ತೆ ಗೆದ್ದರು. ಚಿಕ್ಕೋಡಿಯಲ್ಲಿ ಮಾತ್ರ ಕಾಂಗ್ರೆಸ್ಸಿಗೆ ಏಟು ಬಿತ್ತು: ಅಂಬೇಡ್ಕರ್ ಕಟ್ಟಿದ ಪರಿಶಿಷ್ಟ ಜಾತಿ ಒಕ್ಕೂಟದ ದತ್ತಾ ಅಪ್ಪಾ ಕಟ್ಟಿ ಆರಿಸಿ ಬಂದರು. ಮುಂದೆ ಪರಿಶಿಷ್ಟ ಜಾತಿಗೆ ಮೀಸಲಾದ ಈ ಕ್ಷೇತ್ರದಲ್ಲಿ ಬಿ. ಶಂಕರಾನಂದ 1967ರಿಂದ 1991ರವರೆಗೆ ಸತತ ಏಳು ಸಲ ಗೆದ್ದರು. ಸಂಸದ ಅಂದರೆ ಶಂಕರಾನಂದ ಎಂದೇ ಒಂದು ತಲೆಮಾರು ತಿಳಿದಿದ್ದರೆ ಅಚ್ಚರಿಯಿಲ್ಲ.

2001ರ ಜನಗಣತಿ ಹಿಡಿದು ಮಾಡಿದ ಮರುವಿಂಗಡಣೆ 2008ರಲ್ಲಿ ಜಾರಿಗೆ ಬಂದಾಗ ಚಿಕ್ಕೋಡಿಯ ಮೀಸಲಾತಿ ಹೋಯಿತು. ವಿಧಾನಸಭೆಯ ಮಟ್ಟದಲ್ಲಂತೂ ದೊಡ್ಡ ಅದಲುಬದಲು. ಸಂಕೇಶ್ವರ, ಉಚಗಾಂವ, ಹಿರೇಬಾಗೇವಾಡಿ ಪಟ್ಟಿಯಿಂದಲೇ ಮಾಯ; ಗೋಕಾಕಕ್ಕಿದ್ದ ಪರಿಶಿಷ್ಟ ಪಂಗಡದ ಮೀಸಲು ತೆಗೆದು ಹೊಸ ಯಮಕನಮರಡಿ ಕ್ಷೇತ್ರಕ್ಕೆ ಕೊಟ್ಟರು. ಹುಕ್ಕೇರಿ ತಾಲ್ಲೂಕಿನ ಊರುಗಳ ಜೊತೆಗೆ ಬೆಳಗಾವಿ ತಾಲ್ಲೂಕಿನ ಕಾಕತಿ ಕಡೆಯ ಊರುಗಳೂ ಅದರಲ್ಲಿವೆ. ದಡ್ಡಿ ಇರುವುದೂ ಇಲ್ಲಿಯೇ; ಹಾಗಾಗಿ ಅದರ ಲೋಕಸಭಾ ಮತ ಚಿಕ್ಕೋಡಿಗೆ.

ಭೂಪಟ ನೋಡಿದರೆ ದಡ್ಡಿಗೆ ಬೆಳಗಾವಿ ಹತ್ತಿರ, ಚಿಕ್ಕೋಡಿ ದೂರ. ಅದೇ ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಇನ್ನೊಂದು ತುದಿಯಲ್ಲಿ ಅಥಣಿ. ಅದು ಕೃಷ್ಣೆಯ ಬಯಲು, ಕಬ್ಬಿನ ಸೀಮೆ. ದಡ್ಡಿಯದು ಹಿಡಕಲ್ ಜಲಾಶಯದ ಮೇಲ್ಭಾಗದ ಗುಡ್ಡದ ನಾಡು. ನಡುವೆ ನೂರು ಕಿಲೋಮೀಟರು ಮೀರಿದ ದಾರಿ. ಒಬ್ಬ ಸಂಸದ ಎರಡೂ ಕಡೆಯ ಕಷ್ಟ ಕೇಳಬೇಕು. ಕೇಳುವುದು ಎಷ್ಟಾಗುತ್ತದೋ ದಡ್ಡಿಯವರೇ ಹೇಳಬೇಕು. ಜನಸಂಖ್ಯೆ ಸರಿದೂಗಿಸುವ ಭರದಲ್ಲಿ ಬಸ್ಸಿನ ದಾರಿಗೆ ಬೆಲೆಯಿಲ್ಲ ಎಂಬುದು ನನ್ನ ತಕರಾರು.

ಇದೇ ವಿಂಗಡಣೆಯ ಇನ್ನೊಂದು ವಿಚಿತ್ರ ನೋಡಿ: ಗೋಕಾಕ, ಮೂಡಲಗಿಯನ್ನು ಒಳಗೊಂಡ ಅರಭಾವಿ ಎರಡೂ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. 2024ರಲ್ಲಿ ಚಿಕ್ಕೋಡಿಯಿಂದ ಗೆದ್ದ ಪ್ರಿಯಾಂಕಾ ಜಾರಕಿಹೊಳಿ ಯಮಕನಮರಡಿಯ ಶಾಸಕ ಸತೀಶ ಜಾರಕಿಹೊಳಿ ಅವರ ಮಗಳು. ಆ ಮನೆತನದ ಊರು ಮಾತ್ರ ಬೆಳಗಾವಿಯ ಲೆಕ್ಕಕ್ಕೆ ಸೇರಿದ ಗೋಕಾಕ.