ಪ್ರಾಥಮಿಕ ಶಾಲೆಯಲ್ಲಿ ವಿರಾಮಕಾಲ: ಅದರ ಮೌಲ್ಯ ಮತ್ತು ಮೇಲ್ವಿಚಾರಣೆ

ಶಾಲೆಯ ವೇಳಾಪತ್ರಿಕೆಯಲ್ಲಿ ಪ್ರತಿಯೊಂದು ವಿಷಯಕ್ಕೂ ಅವಧಿಯನ್ನೂ ಉದ್ದೇಶವನ್ನೂ ಗೊತ್ತುಪಡಿಸುವ ನಾವು ವಿರಾಮಕ್ಕೆ ಅವಧಿಯನ್ನು ಮಾತ್ರ ಗೊತ್ತುಪಡಿಸುತ್ತೇವೆ. ಯರಗಟ್ಟಿ, ಸವದತ್ತಿಗಳ ಕಡೆಯ ಆಡುಮಾತಿನಲ್ಲಿ ಅದು 'ಒಂದಕ್ಕ ಬಿಡೂದು'. ದೇಹದ ಅಗತ್ಯವನ್ನು ಈ ಹೆಸರು ಸರಿಯಾಗಿಯೇ ಹೇಳುತ್ತದೆ. ಆದರೆ ವಿರಾಮದ ಪ್ರಯೋಜನ ಅಲ್ಲಿಗೇ ಮುಗಿಯುವುದಿಲ್ಲ.

ಮೊದಲನೆಯದಾಗಿ, ವಿರಾಮವು ಅವಧಾನವನ್ನು ಕಾಪಾಡುತ್ತದೆ. ಪೆಲಿಗ್ರಿನಿ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿರಾಮ ತಡವಾದಷ್ಟೂ ಮಕ್ಕಳ ಗಮನ ಪಾಠದಿಂದ ಸರಿಯುವುದು ಕಂಡುಬಂದಿತು. ಪಾಠ ಮುಗಿಸುವ ಆತುರದಲ್ಲಿ ಬಿಡುವನ್ನು ಮೊಟಕುಗೊಳಿಸಿದ ಶಿಕ್ಷಕನು ಗಳಿಸಿದ ನಿಮಿಷಗಳನ್ನು ಮುಂದಿನ ಪಾಠದಲ್ಲಿ ಕಳೆದುಕೊಳ್ಳುತ್ತಾನೆ.

ಎರಡನೆಯದು ನೈತಿಕ ಶಿಕ್ಷಣಕ್ಕೆ ಸೇರಿದುದು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಮಕ್ಕಳ ಗೋಲಿಯಾಟವನ್ನು ಪರಿಶೀಲಿಸಿ 1932ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಿಯಮವೆಂಬುದು ಹಿರಿಯರ ಅಪ್ಪಣೆಯಲ್ಲ, ಸಮಾನರ ಒಪ್ಪಂದವೆಂಬ ತಿಳಿವು ಮಕ್ಕಳಲ್ಲಿ ಇಂಥ ಆಟಗಳಿಂದ ಬೆಳೆಯುತ್ತದೆಂಬುದು ಅವರ ವಾದ. ನಮ್ಮ ಚಿಣಿಫಣಿ, ಲಗೋರಿ, ಖೋ ಖೋಗಳಿಗೂ ಇದು ಸಲ್ಲುತ್ತದೆ. 'ಔಟಾದೆ', 'ಆಗಲಿಲ್ಲ' ಎಂಬ ತಕರಾರನ್ನು ತಾವೇ ತೀರಿಸಿಕೊಳ್ಳದಿದ್ದರೆ ಆಟ ನಿಲ್ಲುತ್ತದೆ. ಆದುದರಿಂದಲೇ ಅವರು ತೀರಿಸಿಕೊಳ್ಳುತ್ತಾರೆ. ತರಗತಿಯಲ್ಲಿ ಈ ಪಾಠಕ್ಕೆ ಅವಕಾಶ ಕಡಮೆ.

ಸಮಯದ ಅಭಾವವೆಂಬ ಆಕ್ಷೇಪವುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯು 1ರಿಂದ 5ನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಬೋಧನಾ ಗಂಟೆಗಳನ್ನು ಗೊತ್ತುಪಡಿಸಿದೆ; ಎಂದರೆ ದಿನಕ್ಕೆ ಸರಾಸರಿ 4 ಗಂಟೆ. ಅದೇ ಕಾಯಿದೆ ಆಟದ ಮೈದಾನವನ್ನೂ ಆಟದ ಸಾಮಗ್ರಿಯನ್ನೂ ಬೇಕೆನ್ನುತ್ತದೆ. ಈ ಲೆಕ್ಕದಲ್ಲಿ ವಿರಾಮಕ್ಕೆ ಎಡೆಯಿಲ್ಲವೆನ್ನಲಾಗದು.

ಇನ್ನು, ಲೆಕ್ಕ ಮುಗಿಸದ ಮಗುವನ್ನು ಬಿಡುವಿನಲ್ಲಿ ಒಳಗೇ ಕೂಡಿಸುವ ರೂಢಿಯನ್ನು ವಿಚಾರಿಸೋಣ. ಈ ಶಿಕ್ಷೆಗೆ ಒಳಗಾಗುವುದು ಸಾಮಾನ್ಯವಾಗಿ ಚಂಚಲ ಸ್ವಭಾವದ ಮಗು. ಓಡಾಟದ ಅಗತ್ಯ ಹೆಚ್ಚಾಗಿರುವುದೂ ಅದಕ್ಕೇ. ರೋಗಕ್ಕೆ ಬೇಕಾದ ಮದ್ದನ್ನೇ ದಂಡವಾಗಿ ಕಿತ್ತುಕೊಂಡಂತಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2013ರಲ್ಲಿ, ಶಿಕ್ಷೆಗಾಗಲಿ ಪಾಠಕ್ಕಾಗಲಿ ವಿರಾಮವನ್ನು ತಪ್ಪಿಸಬಾರದೆಂದು ಹೇಳಿತು.

ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುವುದು ಸ್ವಾತಂತ್ರ್ಯವಲ್ಲ. ಮೇಲ್ವಿಚಾರಣೆಯಲ್ಲಿ ಮೂರು ಕರ್ತವ್ಯಗಳಿವೆ. ಸ್ಥಳವನ್ನು ನಿರಪಾಯಗೊಳಿಸುವುದು ಮೊದಲನೆಯದು. ಬೆಳಗಾವಿ-ಬಾಗಲಕೋಟೆ ರಸ್ತೆ ಹಾದುಹೋಗುವ ಯರಗಟ್ಟಿಯಂಥ ಊರಿನಲ್ಲಿ ರಸ್ತೆಯ ಕಡೆಯ ಬಾಗಿಲಿನ ಮೇಲೆ ಕಣ್ಣಿರಬೇಕು. ಎರೆಮಣ್ಣಿನ ಅಂಗಳವು ಮಳೆಗೆ ಜಾರುತ್ತದೆಂಬುದನ್ನೂ ಮರೆಯಬಾರದು. ಎರಡನೆಯದು ಅಂಗಳದ ನ್ಯಾಯವಾದ ಹಂಚಿಕೆ. ದೊಡ್ಡ ಹುಡುಗರ ಕ್ರಿಕೆಟ್ಟು ನಡುವಿನ ಜಾಗವನ್ನೆಲ್ಲ ಆಕ್ರಮಿಸಿದರೆ ಹುಡುಗಿಯರೂ ಚಿಕ್ಕವರೂ ಗೋಡೆಯ ಬದಿಗೆ ಸರಿಯುತ್ತಾರೆ. ಮೂರನೆಯದು ಕಠಿಣವಾದುದು: ಯಾವಾಗ ನಡುವೆ ಬರಬೇಕು, ಯಾವಾಗ ಬರಬಾರದು ಎಂಬ ವಿವೇಕ. ಪೆಟ್ಟು, ಅವಮಾನ, ಜಾತಿಯ ನಿಂದೆ, ಒಂದು ಮಗುವನ್ನು ಹೊರಗಿಡುವುದು ಇವುಗಳಲ್ಲಿ ಕೂಡಲೇ ಬರಬೇಕು. ಆಟದ ತಕರಾರಿನಲ್ಲಿ ತಾಳಿಕೊಳ್ಳಬೇಕು.

60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಕಾಯಿದೆ ವಿಧಿಸುವುದು ಇಬ್ಬರು ಶಿಕ್ಷಕರನ್ನು. ಅಕ್ಷರ ದಾಸೋಹದ ವೇಳೆ ಒಬ್ಬರು ಊಟದ ವ್ಯವಸ್ಥೆಯಲ್ಲಿರುತ್ತಾರೆ. ಇನ್ನೊಬ್ಬರು ದಾಖಲೆ ತುಂಬಲು ಕೊಠಡಿಗೆ ಹೋದರೆ ಅಂಗಳ ಬರಿದಾಗುತ್ತದೆ. ಆದುದರಿಂದ ಅಂಗಳದ ಸರದಿಯನ್ನೂ ವೇಳಾಪತ್ರಿಕೆಯಲ್ಲಿ ಹೆಸರು ಸಹಿತ ಬರೆಯುವುದು ಅವಶ್ಯ.

ನಮ್ಮ ಶಿಕ್ಷಕ ವಿದ್ಯಾರ್ಥಿಗಳು ಅಭ್ಯಾಸಬೋಧನೆಯಲ್ಲಿ ಪಾಠಗಳನ್ನು ವೀಕ್ಷಿಸಿ ಟಿಪ್ಪಣಿ ಬರೆಯುವಂತೆಯೇ ಕೆಲವು ವಿರಾಮಗಳನ್ನೂ ವೀಕ್ಷಿಸಿ ಬರೆಯಲೆಂದು ನಾವು ಸೂಚಿಸುತ್ತೇವೆ. ಯಾವ ಮಗು ಯಾರೊಡನೆ ಆಡಿತು, ಯಾವುದು ಒಂಟಿಯಾಗಿ ನಿಂತಿತು ಎಂಬುದನ್ನು ಬಲ್ಲ ಶಿಕ್ಷಕನು ತರಗತಿಯಲ್ಲಿಯೂ ಆ ಮಕ್ಕಳನ್ನು ಚೆನ್ನಾಗಿ ಬಲ್ಲವನಾಗುತ್ತಾನೆ.